ಮಾಡು: ಕೈಯಾಡಿಸುವುದೋ, ಬದಲಿಸುವುದೋ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದವರು ಬಯಲುಸೀಮೆಯವರೇ ಇರಬೇಕು. ಮಲೆನಾಡಿನವರಾಗಿದ್ದರೆ ‘ಕಟ್ಟಿದ ಮನೆಯ ಮಾಡು ಕಾಯ್ದು ನೋಡು’ ಎಂದು ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು. ಮಾಡು ಎಂದರೆ ಛಾವಣಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯೆಂದರೆ ಮೊದಲು ಮಾಡು, ಗೋಡೆಯ ಮಾತು ಆಮೇಲೆ.

ಕಳೆದ ಮೇ ತಿಂಗಳ ಕೊನೆಯಲ್ಲಿ ಸಿದ್ದಾಪುರ ತಾಲ್ಲೂಕಿನ ನಮ್ಮ ದೊಡ್ಡಪ್ಪನ ಮನೆಗೆ ಹೋಗಿದ್ದೆ. ರೋಹಿಣಿ ಮಳೆ ಒಂದೆರಡು ಬಾರಿ ಗುಡುಗಿ ಹೆದರಿಸಿತ್ತು. ಜಗಲಿಯ ಮೂಲೆಯಲ್ಲಿ ತಾಮ್ರದ ಹಂಡೆ, ನಡುಮನೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಮೆತ್ತಿನ ಮೇಲೆ ಎರಡು ಪಾತ್ರೆಗಳು ಸೋರುವ ಜಾಗಗಳಿಗೆ ಸರಿಯಾಗಿ ಕುಳಿತಿದ್ದವು. “ಮಾಡು ಸೋರ್ತು ತಮಾ, ಈ ವರ್ಷ ಎಂತಾರೂ ಮಾಡವು” ಎಂದರು ದೊಡ್ಡಪ್ಪ. ಏನು ಮಾಡಬೇಕು ಎಂಬುದರಲ್ಲಿ ಮಾತ್ರ ಮನೆಯೊಳಗೆ ಮೂರು ಅಭಿಪ್ರಾಯಗಳಿದ್ದವು. ಒಡೆದ ಹಂಚು ತೆಗೆದು ಕೈಯಾಡಿಸಿದರೆ ಸಾಕು ಎಂಬುದು ದೊಡ್ಡಪ್ಪನ ವಾದ. ಹಂಚು ಇಳಿಸಿ ಬಣ್ಣದ ತಗಡು ಹೊದೆಸಿದರೆ ಇಪ್ಪತ್ತು ವರ್ಷ ತಲೆಬಿಸಿ ಇಲ್ಲ ಎಂಬುದು ಬೆಂಗಳೂರಿನಲ್ಲಿರುವ ಮಗನ ಸಲಹೆ. ಹೇಗೂ ಖರ್ಚು ಮಾಡುವುದಾದರೆ ಸ್ಲ್ಯಾಬನ್ನೇ ಹಾಕಿಸಿ, ಮೇಲೆ ಅಡಿಕೆ ಒಣಗಿಸಲಿಕ್ಕೂ ಆಯಿತು ಎಂಬುದು ನೆರೆಮನೆಯವರ ಮಾತು.

ಮಳೆಗಾಲದ ಹೊಸ್ತಿಲಲ್ಲಿ ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ ನಡೆದಿರುತ್ತದೆ. ಈ ಪ್ರಶ್ನೆ ಇಂದಿನದಲ್ಲ. ನಮ್ಮ ಅಜ್ಜನೂ ಅವನ ಅಪ್ಪನೂ ಬೇರೆ ಬೇರೆ ರೂಪದಲ್ಲಿ ಇದನ್ನು ಎದುರಿಸಿದ್ದರು. ಆಯಾ ಕಾಲದ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ಸೀಮೆಯ ಕಾಡು, ತೋಟ, ಕೂಲಿ, ಕಾನೂನುಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಸೋಗೆಯ ಕಾಲ

ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ. ಬೆಂಗಳೂರಿನ ಎರಡೂವರೆ ಪಟ್ಟು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. 120 ಚದರ ಮೀಟರ್ ನೆಲವನ್ನು ಮುಚ್ಚುವ ಒಂದು ಸಾಧಾರಣ ಮನೆಯ ಮಾಡಿನ ಮೇಲೆ ವರ್ಷಕ್ಕೆ ಮೂರು ಲಕ್ಷ ಲೀಟರ್ ನೀರು ಬೀಳುತ್ತದೆಂದು ಲೆಕ್ಕ ಹಾಕಬಹುದು. ಇಷ್ಟು ನೀರನ್ನು ನಿಲ್ಲಗೊಡದೆ ಕೆಳಗಿಳಿಸುವುದೇ ಮಾಡಿನ ಕೆಲಸ. ಇಳಿಜಾರು ಮಾಡು ಇಲ್ಲಿ ಅಂದಚಂದಕ್ಕೆ ಹುಟ್ಟಿದ್ದಲ್ಲ. ಇದೇ ಜಿಲ್ಲೆಯ ಭಟ್ಕಳದ ಖೇತಪೈ ನಾರಾಯಣ ದೇವಾಲಯದಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದೆಸಿರುವುದನ್ನು ಕಾಣಬಹುದು. ಕಲ್ಲಿನ ಗುಡಿಗೂ ಮಳೆ ಅದೇ ರೂಪ ಕೊಟ್ಟಿತು.

ಘಟ್ಟದ ಮೇಲಿನ ಸಾಮಾನ್ಯರ ಮನೆಗೆ ಕಲ್ಲಿನ ಚಪ್ಪಡಿ ಎಲ್ಲಿಂದ ಬರಬೇಕು? ಅವರಿಗಿದ್ದದ್ದು ಅಡಿಕೆ ಮರ. ಉದುರಿದ ಸೋಗೆಯನ್ನು ಹೆಕ್ಕಿ, ಹಾಳೆ ಬಿಡಿಸಿ, ಒಣಗಿಸಿ, ಕಟ್ಟು ಕಟ್ಟಿ ಇಡುತ್ತಿದ್ದರು. ಮರದ ತೊಲೆ, ಬಿದಿರಿನ ಗಳ, ಸೀಳಿದ ಅಡಿಕೆ ದಬ್ಬೆ ಮಾಡಿನ ಎಲುಬುಗೂಡಾದರೆ ಸೋಗೆ ಅದರ ಚರ್ಮ. ತೋಟವಿಲ್ಲದವರು ಬೇಣದ ಕರಡವನ್ನೋ ಗದ್ದೆಯ ಹುಲ್ಲನ್ನೋ ಹೊದೆಸುತ್ತಿದ್ದರು. ಗೋಡೆ ಮಣ್ಣಿನದು. ಇರಚಲು ಹೊಡೆದರೆ ಕರಗುತ್ತದೆಂದು ಮಳೆಗಾಲದಲ್ಲಿ ಜಗಲಿಯ ಸುತ್ತ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಾಡಿನ ಅಂಚು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ, ತಲೆ ಬಗ್ಗಿಸಿಯೇ ಒಳಹೋಗಬೇಕಾದಷ್ಟು ತಗ್ಗಿಗೆ ಬರುತ್ತಿದ್ದುದೂ ಇದಕ್ಕೇ.

ಸೋಗೆಯ ಮಾಡಿಗೆ ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆಯೇ ಇರಲಿಲ್ಲ. ಅದು ಪ್ರತಿ ಬೇಸಿಗೆಯಲ್ಲೂ ಹೊಸದಾಗುತ್ತಿತ್ತು. ಒಬ್ಬರ ಮನೆಗೆ ಹತ್ತು ಮಂದಿ ಬಂದು ಹೊದೆಸಿಕೊಟ್ಟರೆ, ಆ ಮನೆಯವರು ಉಳಿದವರ ಮನೆಗೆ ಹೋಗಿ ಋಣ ತೀರಿಸಬೇಕು. ಇದೇ ಮುಯ್ಯಾಳು ಪದ್ಧತಿ. ಇಳಿಸಿದ ಹಳೆಯ ಸೋಗೆಯೂ ವ್ಯರ್ಥವಾಗುತ್ತಿರಲಿಲ್ಲ. ಅದು ಕೊಟ್ಟಿಗೆಗೆ ಹೋಗಿ, ಸಗಣಿಯೊಡನೆ ಕಲೆತು, ಗೊಬ್ಬರವಾಗಿ ಮತ್ತೆ ಅಡಿಕೆ ಮರದ ಬುಡ ಸೇರುತ್ತಿತ್ತು. ತೋಟದಿಂದ ಹೊರಟದ್ದು ಒಂದು ವರ್ಷ ಮನೆಯ ತಲೆ ಕಾಯ್ದು ತೋಟಕ್ಕೇ ಮರಳುತ್ತಿತ್ತು.

ಈ ಸರಪಳಿಗೆ ಕಾಡಿನ ಕೊಂಡಿಯೂ ಇತ್ತು. ಬ್ರಿಟಿಷ್ ಆಡಳಿತ ಅರಣ್ಯವನ್ನು ಗಡಿ ಹಾಕಿ ವಶಪಡಿಸಿಕೊಂಡಾಗ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಉಳಿಸಿಕೊಟ್ಟಿತು. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ದೊರೆಯಿತು. ಸೊಪ್ಪು, ದರಕು, ಹುಲ್ಲು ಎಲ್ಲಕ್ಕೂ ಬೆಟ್ಟವೇ ಆಧಾರ. ಆದರೆ ಈ ಸವಲತ್ತು ಇದ್ದುದು ತೋಟ ಇದ್ದವರಿಗೆ. ತೋಟವಿಲ್ಲದವರ ಮಾಡಿಗೆ ಬೇಕಾದ ಹುಲ್ಲು, ಗಳಗಳಿಗೆ ಇಂಥ ಗಟ್ಟಿ ಆಸರೆ ಇರಲಿಲ್ಲ ಎಂಬುದನ್ನು ಮರೆಯಬಾರದು.

ಸೋಗೆ ಮನೆ ತಂಪು ಎಂದು ಈಗ ನಾವು ಹಂಬಲದಿಂದ ನೆನೆಯುತ್ತೇವೆ. ತಂಪಾಗಿದ್ದದ್ದು ನಿಜ. ಆದರೆ ಅದರೊಳಗೆ ಬದುಕಿದವರಿಗೆ ಬೆಂಕಿಯ ಭಯ ಬೇಸಿಗೆಯುದ್ದಕ್ಕೂ ಇರುತ್ತಿತ್ತು. ಒಲೆಯ ಒಂದು ಕಿಡಿ ಸಾಕು. ಇಲಿ, ಹಾವು, ಚೇಳುಗಳಿಗೂ ಸೋಗೆ ಆಶ್ರಯ ಕೊಡುತ್ತಿತ್ತು. ಮುಯ್ಯಾಳು ಸಿಗದ ಬಡವನ ಮನೆ, ಗಂಡು ದಿಕ್ಕಿಲ್ಲದ ಮನೆ ಆ ವರ್ಷ ಸೋರುತ್ತಲೇ ಇರುತ್ತಿತ್ತು.

ನೇತ್ರಾವತಿಯ ದಂಡೆಯಿಂದ

ಹಂಚು ಎಂಬುದು ಮಂಗಳೂರಿನಿಂದಲೇ ಮೊದಲು ಬಂದದ್ದಲ್ಲ. ಕುಂಬಾರರು ಕೈಯಲ್ಲಿ ತಟ್ಟಿ ಸುಡುತ್ತಿದ್ದ, ಅರ್ಧ ಕೊಳವೆಯಾಕಾರದ ನಾಡಹಂಚು ಮೊದಲೇ ಇತ್ತು. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು ಹೊದೆಸುತ್ತಿದ್ದರು. ಆದರೆ ಅದಕ್ಕೆ ಹಿಡಿತವಿಲ್ಲ. ಬೆಕ್ಕು ಓಡಾಡಿದರೂ ಜಾರುತ್ತದೆ. ವರ್ಷಾ ವರ್ಷ ಕೈಯಾಡಿಸಲೇಬೇಕು. ಒಂದರ ಮೇಲೊಂದು ಹೇರುವುದರಿಂದ ಭಾರವೂ ಹೆಚ್ಚು. ಮುಂಬಯಿ ಸರ್ಕಾರದ ಗ್ಯಾಸೆಟಿಯರ್ ಮಾಲೆಯಲ್ಲಿ ಕೆನರಾ ಜಿಲ್ಲೆಯ ಸಂಪುಟ ಹೊರಬಂದದ್ದು 1883ರಲ್ಲಿ, ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ. ಒಂದೊಂದು ಸಮುದಾಯವನ್ನು ವರ್ಣಿಸುವಾಗಲೂ ಅದು ಮನೆಯ ಗೋಡೆ, ಮಾಡುಗಳ ಮಾತೆತ್ತುತ್ತದೆ. ಹುಲ್ಲಿನ ಮಾಡೋ ಹಂಚಿನ ಮಾಡೋ ಎಂಬುದು ಆಗಲೇ ಅಂತಸ್ತಿನ ಗುರುತಾಗಿತ್ತು.

ಅಷ್ಟರಲ್ಲಿ ಮಂಗಳೂರಿನಲ್ಲಿ ಹೊಸದೊಂದು ಹಂಚು ಹುಟ್ಟಿ ಹದಿನೆಂಟು ವರ್ಷ ಆಗಿತ್ತು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ‘ಮಂಗಳೂರ ಸಮಾಚಾರ’ದ ಮೂಲಕ 1843ರಲ್ಲಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರೂ ಇವರೇ. ಮತಾಂತರಗೊಂಡು ಕುಲದ ಕಸುಬು, ನೆಂಟಸ್ತಿಕೆ ಎರಡನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸಬೇಕಾಗಿ ಬಂದಾಗ ಮಿಶನ್ ನೇಯ್ಗೆ, ಮುದ್ರಣ, ಹಂಚುಗಳ ಕೈಗಾರಿಕೆಗೆ ಇಳಿಯಿತು. ಮಿಶನ್ನಿನ ಮುದ್ರಣಾಲಯದಲ್ಲಿ ದುಡಿದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು.

ಈ ಹಂಚಿನ ಗುಟ್ಟು ಅದರ ಅಂಚಿನ ತೋಡುಗಳಲ್ಲಿದೆ. ಒಂದರ ತೋಡಿಗೆ ಇನ್ನೊಂದರ ಏಣು ಕೂರುತ್ತದೆ, ಬೆನ್ನ ಹಿಂದಿನ ಮೂಗು ರೀಪಿಗೆ ಕಚ್ಚಿಕೊಳ್ಳುತ್ತದೆ. ಒಂದಕ್ಕೊಂದು ಕೈಹಿಡಿಯುವ ಈ ಬಗೆಯ ಹಂಚಿಗೆ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಆಲ್ಟ್‌ಕಿರ್ಶ್ ಎಂಬ ಊರಿನ ಗಿಲಾರ್ಡೋನಿ ಸೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಆ ಊರಿಗೂ ಮಿಶನ್ನಿನ ಮೂಲ ನೆಲೆಯಾದ ಬಾಸೆಲ್ ನಗರಕ್ಕೂ ಅಂತರ ಸುಮಾರು 30 ಕಿಲೋಮೀಟರ್ ಮಾತ್ರ. ಯುರೋಪಿನ ಹಿಮಕ್ಕೆಂದು ಹುಟ್ಟಿದ ಹಂಚು ಮಲೆನಾಡಿನ ಮಳೆಗೆ ಹೇಳಿ ಮಾಡಿಸಿದಂತೆ ಹೊಂದಿಕೊಂಡಿತು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನದ ಕಾರ್ಖಾನೆ ತಲೆಯೆತ್ತಿತು. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್‌ಗಳಲ್ಲೂ ಮಿಶನ್ನಿನ ಕುಲುಮೆಗಳು ಉರಿದವು. ಒಂದನೆಯ ಮಹಾಯುದ್ಧದಲ್ಲಿ ಜರ್ಮನ್ನರು ಶತ್ರುಗಳೆನಿಸಿಕೊಂಡಾಗ ಮಿಶನ್ನಿನ ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಒಡೆಯರು ಬದಲಾದರೂ ಹಂಚಿನ ಅಚ್ಚು ಬದಲಾಗಲಿಲ್ಲ.

ದೊಡ್ಡಪ್ಪನ ಮಾಡಿನಿಂದ ಇಳಿಸಿದ ಒಂದು ಹಂಚಿನ ಬೆನ್ನು ಒರೆಸಿದಾಗ ಇಂಗ್ಲಿಷ್ ಅಕ್ಷರಗಳ ನಡುವೆ 1865 ಎಂಬ ಅಂಕಿ ಕಂಡಿತು. ‘ನೋಡು, ಒಂದೂವರೆ ಶತಮಾನದ ಹಂಚು’ ಎಂದು ಅವರು ಹೆಮ್ಮೆಪಟ್ಟರು. ಅನೇಕರ ಮನೆಗಳಲ್ಲಿ ಇಂಥ ಹೆಮ್ಮೆ ಇದೆ. ಆದರೆ ಹಂಚಿನ ಮೇಲೆ ಒತ್ತಿದ ಆ ವರ್ಷ ಕಾರ್ಖಾನೆ ಹುಟ್ಟಿದ್ದು, ಹಂಚು ಸುಟ್ಟದ್ದಲ್ಲ. ಅಂಗಡಿಯ ಫಲಕದ ಮೇಲೆ ಸ್ಥಾಪನೆಯ ವರ್ಷ ಬರೆಸಿದಂತೆ ಅದು. ನಮ್ಮ ಮನೆಗೆ ಅಜ್ಜ ಹಂಚು ಹೊದೆಸಿದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಆದರೂ ಎಪ್ಪತ್ತೈದು ಮಳೆಗಾಲ ದಾಟಿದ ಹಂಚು ಅದು. ಬೆರಳಲ್ಲಿ ತಟ್ಟಿದರೆ ಇನ್ನೂ ಗಂಟೆಯಂತೆ ನುಡಿಯುತ್ತಿತ್ತು.

ಘಟ್ಟ ಹತ್ತಿದ ಹಂಚು

ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಆಧಿಪತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಗಿತ್ತು. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿಯ ಬರ ಬಿದ್ದಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ಇಳಿಸಬೇಕಾಗಿತ್ತು. ಹುಬ್ಬಳ್ಳಿಯಿಂದ ಶಿರಸಿಯ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ, ಯಲ್ಲಾಪುರದ ಮೇಲೆ ಅರಬೈಲು ಘಟ್ಟ ಇಳಿದು ಕಾರವಾರಕ್ಕೆ ಹೋಗುವ ದಾರಿಗಳ ಮಹತ್ವ ಹೆಚ್ಚಿತು. ಹತ್ತಿ, ಅಡಿಕೆ ಇಳಿಸಿದ ಇಂಥ ಗಾಡಿದಾರಿಗಳೇ ಮಂಗಳೂರಿನಿಂದ ಸಮುದ್ರಮಾರ್ಗವಾಗಿ ಬಂದ ಸರಕು ಘಟ್ಟ ಹತ್ತಲೂ ನೆರವಾದವು. ಸಿದ್ದಾಪುರಕ್ಕೆ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟದ ದಾರಿಯಿತ್ತು. ಎರಡೂವರೆ ಕಿಲೋ ತೂಗುವ, ಬಿದ್ದರೆ ಒಡೆಯುವ ವಸ್ತುವನ್ನು ಎತ್ತಿನ ಗಾಡಿಯಲ್ಲಿ ಸಾವಿರಗಟ್ಟಲೆ ಸಾಗಿಸುವುದು ಸಣ್ಣ ಕೆಲಸವಲ್ಲ. ಹೀಗಾಗಿ ಮೊದಲು ಹಂಚು ಕಂಡದ್ದು ಸರ್ಕಾರಿ ಕಟ್ಟಡ, ದೇವಸ್ಥಾನ, ಸಾಹುಕಾರರ ಮನೆಗಳು. ಉಳಿದವರಿಗೆ ಅದು ಒಂದು ತಲೆಮಾರಿನ ಕನಸು.

ಹಂಚು ಬಂದಾಗ ಮನೆಯ ಎಲುಬೂ ಬದಲಾಗಬೇಕಾಯಿತು. ಸೋಗೆಗೆ ಬಿದಿರು, ದಬ್ಬೆ ನಡೆಯುತ್ತಿತ್ತು. ಮಂಗಳೂರು ಹಂಚಿಗೆ ಸಮವಾಗಿ ಕೊಯ್ದ ಪಕಾಸಿ, ಒಂದೇ ಅಂತರದ ರೀಪು ಬೇಕು. ಮತ್ತಿ, ನಂದಿ, ಹೊನ್ನೆ, ಅನುಕೂಲಸ್ಥರಿಗೆ ಸಾಗವಾನಿ, ಹೀಗೆ ಕಾಡಿನ ಮರ ಮಾಡು ಹತ್ತಿತು. ಅಡಿಕೆಯ ಮಾರಾಟ ದಲ್ಲಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳತೊಡಗಿದ್ದೂ ಇದೇ ಕಾಲದಲ್ಲಿ. ಕಡವೆ ಶ್ರೀಪಾದ ಹೆಗಡೆಯವರ ಮುಂದಾಳುತನದಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ 1923ರಲ್ಲಿ ಹುಟ್ಟಿತು. ಅಡಿಕೆಗೆ ನಾಲ್ಕು ಕಾಸು ಹೆಚ್ಚು ಸಿಕ್ಕ ವರ್ಷ ಮಾಡಿನ ಯೋಚನೆ ಬರುವುದು ಆಗಿನಿಂದ ಈಗಿನವರೆಗೂ ನಡೆದುಬಂದ ವಾಡಿಕೆ.

ಮಧ್ಯದಲ್ಲಿ ಮಾಡನ್ನೇ ಕಳೆದುಕೊಂಡವರೂ ಇದ್ದರು. 1932ರ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲಾ ತಾಲ್ಲೂಕುಗಳ ರೈತರು ಕಂದಾಯ ಕೊಡಲು ನಿರಾಕರಿಸಿದಾಗ ಸರ್ಕಾರ ಅವರ ಜಮೀನು, ಮನೆಗಳನ್ನು ಜಪ್ತಿ ಮಾಡಿತು. ಹೊರಬಿದ್ದವರಿಗೆ ಮತ್ತೆ ಸೋಗೆಯ ಚಪ್ಪರವೇ ಗತಿಯಾಯಿತು. ಮುಂಬಯಿ ಪ್ರಾಂತ್ಯದಲ್ಲಿ 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಳೆದುಕೊಂಡ ಆಸ್ತಿಗಳನ್ನು ಮರಳಿಸುವ ಕೆಲಸ ನಡೆಯಿತು.

ಯಾರ ತಲೆಯ ಮೇಲೆ ಯಾವ ಮಾಡು?

ಹಂಚು ಎಲ್ಲರ ತಲೆಯ ಮೇಲೂ ಒಟ್ಟಿಗೆ ಬರಲಿಲ್ಲ. ಒಡೆಯರ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದ ಗೇಣಿದಾರನಿಗೆ, ಯಾವಾಗ ಎಬ್ಬಿಸುತ್ತಾರೋ ತಿಳಿಯದಿರುವಾಗ, ಹಂಚಿಗೆ ಹಣ ಹಾಕುವ ಧೈರ್ಯವೆಲ್ಲಿ? ತಿದ್ದುಪಡಿಯಾದ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಜಮೀನು ಉಳುವವನದಾಯಿತು. ಅಲ್ಲಿಂದ ಮುಂದೆ ಮಾಡಿನ ಲೆಕ್ಕಾಚಾರವೂ ಬದಲಾಯಿತು. ನೆಲ ತನ್ನದೆಂದಾದ ಮೇಲೆ ಬಾಳಿಕೆಯ ಮಾಡಿಗೆ ಅರ್ಥ ಬರುತ್ತದೆ. 1985ರ ಇಂದಿರಾ ಆವಾಸ್, 1991-92ರಲ್ಲಿ ಆರಂಭವಾದ ಆಶ್ರಯ ಯೋಜನೆಗಳು ಹುಲ್ಲಿನ ಗುಡಿಸಲಿದ್ದವರ ತಲೆಯ ಮೇಲೂ ಹಂಚು ತಂದವು.

ಆದರೂ ಅರಣ್ಯದ ಅಂಚಿನಲ್ಲಿ ಬೇರೆಯದೇ ಕತೆ. ಯಲ್ಲಾಪುರದ ಕಾಡಿನ ನಡುವೆ ನೆಲೆಸಿರುವ ಸಿದ್ದಿಯರು, ಗೌಳಿಗರು, ಮೂರೂ ತಾಲ್ಲೂಕುಗಳಲ್ಲಿ ಅತಿಕ್ರಮಣದಾರರೆಂದು ಕರೆಸಿಕೊಂಡ ಸಣ್ಣ ರೈತರು, ಇವರಿಗೆ ಮಾಡು ಬದಲಿಸುವುದು ಬರೀ ಹಣದ ಪ್ರಶ್ನೆಯಲ್ಲ. ನೆಲದ ಹಕ್ಕಿನ ಪ್ರಶ್ನೆ. ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿ ವಾಸವಿದ್ದುದನ್ನು ಕೇಳುತ್ತದೆ. ಬುಡಕಟ್ಟಿಗೆ ಸೇರದವರಾದರೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸಕ್ಕೆ ಸಾಕ್ಷ್ಯ ಬೇಕು. ಕಾಯ್ದೆಯ ನಿಯಮಗಳು ಮನೆ, ಗುಡಿಸಲುಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಇಲ್ಲೇ ಇರುವುದು ವಿಪರ್ಯಾಸ. ವರ್ಷ ವರ್ಷ ಬದಲಿಸಿದ ಸೋಗೆ ಗೊಬ್ಬರದ ಗುಂಡಿಗೆ ಹೋಗಿ ಕರಗಿದೆ. ಎಪ್ಪತ್ತೈದು ವರ್ಷ ಬಾಳಿದ್ದಕ್ಕೆ ಅದು ಯಾವ ಗುರುತನ್ನೂ ಉಳಿಸಿಲ್ಲ. ಹಂಚಿನ ಮನೆಯವನ ಬಳಿ ಹಂಚಾದರೂ ಇದೆ.

ಮರ ಇಳಿದು ಕಬ್ಬಿಣ ಏರಿತು

ಹಂಚಿನ ಮಾಡಿಗೆ ಮರ ಬೇಕೆಂದೆನಷ್ಟೆ. ಆ ಮರ ಸಿಗುವುದು 1980ರ ದಶಕದಿಂದ ಕಷ್ಟವಾಗತೊಡಗಿತು. ಅದಕ್ಕೆ ಕಾರಣ ಹಳ್ಳಿಗರ ಮನೆಯ ತೊಲೆಯಲ್ಲ. ಕಾರ್ಖಾನೆಗಳಿಗೂ ತೇಗದ ನೆಡುತೋಪಿಗೂ ನಡೆದ ದೊಡ್ಡ ಪ್ರಮಾಣದ ಕಡಿತಲೆ. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಿನ ಜನ 1983ರ ಸೆಪ್ಟೆಂಬರ್ 8ರಂದು ಕಳಾಸೆ ಕಾಡಿಗೆ ಹೋಗಿ, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರ ಹೆಸರಿನೊಡನೆ ಬೆಸೆದುಕೊಂಡ ಅಪ್ಪಿಕೋ ಚಳವಳಿಯ ಆರಂಭ ಅದು. ಹಸಿರು ಮರ ಕಡಿಯುವುದಕ್ಕೆ ಕಡಿವಾಣ ಬಿತ್ತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ದೇಶಾದ್ಯಂತ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಕಾಡು ಉಳಿಯಬೇಕೆಂದು ಮರ ಅಪ್ಪಿಕೊಂಡ ಸೀಮೆಯಲ್ಲಿ ಪಕಾಸಿಗೆ ಹೊಸ ಮರ ದುಬಾರಿಯಾಯಿತು. ಹೊಸ ಮನೆಗಳಲ್ಲಿ ಕಬ್ಬಿಣದ ಕೊಳವೆ, ಸಿಮೆಂಟಿನ ತೊಲೆ ಕಾಣಿಸಿಕೊಂಡವು.

ಅಡುಗೆಮನೆಯಲ್ಲೂ ಒಂದು ಬದಲಾವಣೆ ಆಯಿತು. ಕಟ್ಟಿಗೆ ಒಲೆಯ ಹೊಗೆ ದಿನವೂ ಮಾಡಿಗೆ ತಾಗಿ ಮರ ಕಪ್ಪಾಗುತ್ತಿತ್ತು. ಹೊಗೆ ತಿಂದ ಮರಕ್ಕೆ ಹುಳ ಬೀಳುವುದಿಲ್ಲ ಎಂಬುದು ಹಳಬರ ಅನುಭವ. ಗ್ಯಾಸ್ ಒಲೆ ಬಂತು, ಹೆಂಗಸರ ಕಣ್ಣು, ಶ್ವಾಸಕೋಶಗಳು ಬದುಕಿದವು. ಹೊಗೆ ನಿಂತ ಮಾಡಿಗೆ ಒರಲೆಯ ಕಾಟ ಹೆಚ್ಚಾಯಿತು ಎಂದು ದೊಡ್ಡಮ್ಮ ಹೇಳುತ್ತಾರೆ. ಹಾಗೆಂದು ಅವರು ಹೊಗೆಯ ಒಲೆಗೆ ಮರಳಲು ಸಿದ್ಧರಿಲ್ಲ!

ಇದಕ್ಕೆಲ್ಲ ಕಿರೀಟವಿಟ್ಟಂತೆ ಮಂಗಗಳು. ಕಾಡಿನಲ್ಲಿ ಹಣ್ಣು ಕಡಿಮೆಯಾಗಿ ಊರಿಗೆ ಬಂದ ಮಂಗಗಳ ಹಿಂಡು ಮಾಡಿನ ಮೇಲೆ ಒಮ್ಮೆ ಓಡಾಡಿದರೆ ಹತ್ತಾರು ಹಂಚು ಹೋದವು. ‘ಹಂಚು ಬೇಡ, ತಗಡು ಹಾಕಿಸುವಾ’ ಎನ್ನುವವರಲ್ಲಿ ಬಹಳ ಮಂದಿಯ ಮೊದಲ ಕಾರಣ ಮಂಗ, ಎರಡನೆಯ ಕಾರಣ ಆಳು. ಮಾಡು ಹತ್ತಿ ಹಂಚು ಕೈಯಾಡಿಸಬಲ್ಲವರು ಊರಲ್ಲಿ ಒಬ್ಬಿಬ್ಬರು ಉಳಿದಿದ್ದಾರೆ. ಅವರ ಪಾಳಿ ಬರುವಷ್ಟರಲ್ಲಿ ಮೃಗಶಿರಾ ಹಿಡಿದಿರುತ್ತದೆ.

ಭಾರದ ಲೆಕ್ಕ

ಹಾಗಾದರೆ ಬದಲಿಸುವುದೇ ಸರಿಯೆ? ಇಲ್ಲಿ ಒಂದು ಲೆಕ್ಕವನ್ನು ಓದುಗರ ಮುಂದಿಡಬೇಕು. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಮಂಗಳೂರು ಹಂಚು ಬೇಕು. ಹಂಚೊಂದಕ್ಕೆ ಎರಡೂವರೆ ಕಿಲೋ ಹಿಡಿದರೆ ಚದರ ಮೀಟರಿಗೆ 37 ಕಿಲೋ ಆಯಿತು. ಅಂದರೆ 150 ಚದರ ಮೀಟರ್ ಮಾಡಿಗೆ 2250 ಹಂಚು, ಐದೂವರೆ ಟನ್ನಿಗೂ ಮಿಗಿಲಾದ ಭಾರ. ಮಳೆಗಾಲದಲ್ಲಿ ನೀರು ಕುಡಿದು ಇದು ಇನ್ನೂ ಹೆಚ್ಚುತ್ತದೆ. ಒಳ್ಳೆಯ ಹಂಚು ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ನೀರು ಹೀರಬಾರದು. ಕಬ್ಬಿಣದ ತಗಡಾದರೆ ಚದರ ಮೀಟರಿಗೆ ಸುಮಾರು 5 ಕಿಲೋ, ಹಂಚಿನ ಏಳರಲ್ಲೊಂದು ಪಾಲು. ನಾಲ್ಕಿಂಚಿನ ಕಾಂಕ್ರೀಟ್ ಸ್ಲ್ಯಾಬಾದರೆ ಸುಮಾರು 240 ಕಿಲೋ, ಹಂಚಿನ ಆರು ಪಟ್ಟು.

ಅಜ್ಜನ ಕಾಲದ ಮಣ್ಣಿನ ಗೋಡೆ ಈ ಆರು ಪಟ್ಟು ಭಾರವನ್ನು ಹೊರುವುದಿಲ್ಲ. ಸ್ಲ್ಯಾಬು ಬೇಕೆಂದರೆ ಕಂಬ, ತೊಲೆ, ಬುನಾದಿ ಎಲ್ಲವೂ ಹೊಸದು. ಆಗ ಅದು ಮಾಡಿನ ಬದಲಾವಣೆಯಾಗಿ ಉಳಿಯದೆ ಮನೆಯ ಬದಲಾವಣೆಯೇ ಆಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಹಾಕಿಸಿದ ಸಪಾಟು ಸ್ಲ್ಯಾಬೂ ಈ ಮಳೆಯಲ್ಲಿ ಐದಾರು ವರ್ಷಕ್ಕೆ ಪಾಚಿ ಕಟ್ಟಿ ಜಿನುಗುವುದನ್ನು ಕಾಣುತ್ತೇವೆ. ಶಿರಸಿ ಪೇಟೆಯಲ್ಲಿ ಸುಮ್ಮನೆ ತಲೆಯೆತ್ತಿ ನೋಡಿದರೆ ಸಾಕು, ಸ್ಲ್ಯಾಬಿನ ಮೇಲೆ ಮತ್ತೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರು ತಗಡು ಹೊದೆಸಿದ ಮನೆಗಳು ಕಣ್ಣಿಗೆ ಬೀಳುತ್ತವೆ. ಸೋಗೆಯ ಕಾಲದ ಇಳಿಜಾರನ್ನು ಮಳೆ ಮತ್ತೆ ಕೇಳಿ ಪಡೆದಿದೆ.

ತಗಡು ಹಗುರ, ಮಂಗಕ್ಕೆ ಜಗ್ಗುವುದಿಲ್ಲ, ಬೇಗ ಮುಗಿಯುತ್ತದೆ. ಆದರೆ ಏಪ್ರಿಲಿನಲ್ಲಿ ಕಾದು ಉರಿಯುತ್ತದೆ, ಜುಲೈಯಲ್ಲಿ ಪಕ್ಕದವರ ಮಾತೂ ಕೇಳದಂತೆ ಮೊರೆಯುತ್ತದೆ. ಹಗುರವಾದ್ದರಿಂದ ಗಾಳಿಗೆ ಎದ್ದು ಹೋಗದಂತೆ ಬಿಗಿಯಬೇಕು. ಸಿಮೆಂಟಿನ ಹಳೆಯ ಕಲ್ನಾರು ಶೀಟುಗಳಲ್ಲಿ ಇನ್ನೊಂದು ಅಪಾಯವಿದೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಭಾರತ 1986ರಲ್ಲೇ ಅದರ ಗಣಿಗಾರಿಕೆಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು, ಶೀಟುಗಳ ಬಳಕೆ ಮಾತ್ರ ನಿಲ್ಲಲಿಲ್ಲ. ಕೊಟ್ಟಿಗೆಯ ಮೇಲಿನ ಇಂಥ ಶೀಟನ್ನು ಒಡೆದು ಪುಡಿ ಮಾಡಿ ಇಳಿಸುವುದು, ಒಣಗಿದ್ದಾಗ ಕೊರೆಯುವುದು ಒಳ್ಳೆಯದಲ್ಲ.

ಕೈಯಾಡಿಸಿದರೆ ಸಾಕೋ ಎಂದು ತಿಳಿಯುವ ಬಗೆ ಹಳೆಯ ಕೆಲಸಗಾರರಿಗೆ ಗೊತ್ತು. ದೊಡ್ಡಪ್ಪನ ಮನೆಗೆ ಬಂದ ಮೇಸ್ತ್ರಿ ಮೊದಲು ಹಂಚನ್ನು ನೋಡಲೇ ಇಲ್ಲ. ಮೆತ್ತು ಹತ್ತಿ, ಪಕಾಸಿಯ ತುದಿ ಗೋಡೆಯ ಮೇಲೆ ಕೂರುವ ಕಡೆ ಕತ್ತಿಯ ಮೊನೆಯಿಂದ ಚುಚ್ಚಿ ನೋಡಿದ. ಮೊನೆ ಸಲೀಸಾಗಿ ಒಳಗಿಳಿದರೆ ಮರ ಮುಗಿಯಿತೆಂದೇ ಅರ್ಥ. ಆಮೇಲೆ ಅಂಗಳಕ್ಕೆ ಬಂದು ಮಾಡಿನ ನೆತ್ತಿಯ ಗೆರೆ ನೇರವಾಗಿದೆಯೇ, ನಡುವೆ ಕುಸಿದಿದೆಯೇ ಎಂದು ದಿಟ್ಟಿಸಿದ. ಕೊನೆಗೆ ಹತ್ತೆಂಟು ಹಂಚು ಇಳಿಸಿ ತಟ್ಟಿ ಸದ್ದು ಕೇಳಿದ. ‘ಹಂಚು ಸೋರುವುದು ಕಡಿಮೆ ಸ್ವಾಮಿ, ಮರ ಬಗ್ಗಿ ಹಂಚಿನ ಬಾಯಿ ಬಿಡುತ್ತದೆ, ಅಲ್ಲಿ ನೀರು ಇಳಿಯುತ್ತದೆ’ ಎಂದ. ನೂರು ಹಂಚು ಒಡೆದರೂ ಎಲುಬು ಗಟ್ಟಿಯಿದ್ದರೆ ದುರಸ್ತಿ ಲಾಭ. ಎಲುಬೇ ಹೋಗಿದ್ದರೆ ಎಲ್ಲ ಹಂಚೂ ಸರಿಯಿದ್ದು ಪ್ರಯೋಜನವಿಲ್ಲ.

ಕೈಗಳ ಚರಿತ್ರೆ

ಹಿಂದಿರುಗಿ ನೋಡಿದರೆ ಒಂದು ಸೂತ್ರ ಕಾಣುತ್ತದೆ. ಸೋಗೆಗೆ ಹಣ ಬೇಡವಾಗಿತ್ತು, ಕೈಗಳು ಬೇಕಿದ್ದವು. ಊರಿನಲ್ಲಿ ಕೈಗಳಿದ್ದವು. ಮಂಗಳೂರು ಹಂಚು ಹಣ ಕೇಳಿತು, ಕೈಗಳನ್ನು ಉಳಿಸಿಕೊಟ್ಟಿತು. ಆದರೂ ವರ್ಷಕ್ಕೊಮ್ಮೆ ಮಾಡು ಹತ್ತುವ ಒಂದು ಜೋಡಿ ಕೈ ಅದಕ್ಕೆ ಬೇಕೇ ಬೇಕು. ಈಗ ಆ ಒಂದು ಜೋಡಿಯೂ ಊರಲ್ಲಿಲ್ಲ. ಎಷ್ಟೋ ಮನೆಗಳಲ್ಲಿ ಎಪ್ಪತ್ತು ದಾಟಿದ ಇಬ್ಬರೇ ಉಳಿದಿದ್ದಾರೆ. ತಗಡು, ಸ್ಲ್ಯಾಬುಗಳು ಗೆಲ್ಲುತ್ತಿರುವುದು ಅವು ಹಂಚಿಗಿಂತ ಒಳ್ಳೆಯವೆಂಬ ಕಾರಣಕ್ಕಲ್ಲ. ಅವು ಯಾರನ್ನೂ ಕಾಯಬೇಕಾಗಿಲ್ಲ ಎಂಬ ಕಾರಣಕ್ಕೆ. ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ: ಇಪ್ಪತ್ತು ವರ್ಷಗಳ ನಂತರ ಈ ಮಾಡಿನ ಕೆಳಗೆ ಯಾರಿರುತ್ತಾರೆ? ಅದಕ್ಕೆ ಮೇಸ್ತ್ರಿಯ ಕತ್ತಿಯ ಮೊನೆ ಉತ್ತರ ಹೇಳಲಾರದು.

ದೊಡ್ಡಪ್ಪನ ಮನೆಯಲ್ಲಿ ಕೊನೆಗಾದ ತೀರ್ಮಾನ ಇದು. ದೊಡ್ಡಮನೆಯ ಏಳು ಪಕಾಸಿಗಳ ತುದಿ ಹೋಗಿತ್ತು. ಅವಷ್ಟನ್ನೇ ಬದಲಿಸುವುದು. ಕೊಟ್ಟಿಗೆಯ ಮೇಲಿನ ಹಂಚನ್ನೆಲ್ಲ ಇಳಿಸಿ, ತಟ್ಟಿ ನೋಡಿ, ಒಳ್ಳೆಯದನ್ನು ಆರಿಸಿ ದೊಡ್ಡಮನೆಗೆ ಹಾಕುವುದು. ಕೊಟ್ಟಿಗೆಗೆ ತಗಡು. ಈಗ ಅಲ್ಲಿರುವುದು ಎರಡೇ ದನ. ಬೆಂಗಳೂರಿನ ಮಗ ಮೇ ತಿಂಗಳಲ್ಲಿ ಒಂದು ವಾರ ಬಂದು ಹಂಚು ಕೈಯಾಡಿಸಲು ಕಲಿಯುವುದಾಗಿ ಫೋನಿನಲ್ಲಿ ಒಪ್ಪಿಕೊಂಡ. ಬರುತ್ತಾನೋ ಇಲ್ಲವೋ ಮುಂದಿನ ವರ್ಷ ತಿಳಿಯುತ್ತದೆ.

ಮನೆಯ ಹಿರಿಯರಿಗೆ ಇದು ಹೊಸದೇನೂ ಅನ್ನಿಸಲಿಲ್ಲ. ಅಜ್ಜ ಹಂಚು ತಂದ ವರ್ಷವೂ ದೊಡ್ಡಮನೆಗಷ್ಟೇ ಹಣ ಸಾಲಿತ್ತಂತೆ. ಕೊಟ್ಟಿಗೆ ಮುಂದೆ ಹತ್ತು ವರ್ಷ ಸೋಗೆಯಲ್ಲೇ ಇತ್ತಂತೆ. ನಾನು ಹೊರಡುವ ದಿನ ಮಳೆ ಹಿಡಿಯಿತು. ನಡುಮನೆಯ ಬಕೆಟ್ಟು ಮಾತ್ರ ಅಲ್ಲೇ ಇತ್ತು. ಖಾಲಿಯಾಗಿತ್ತು. ‘ಇರಲಿ, ಆರಿದ್ರಾ ಮಳೆ ನೋಡಿಕೊಂಡು ತೆಗೆದರಾಯಿತು’ ಎಂದರು ದೊಡ್ಡಮ್ಮ.